ಅವನೇ ಸೈನ್ ಮಾಡಿದ್ದಾನಲ್ಲ ಸಾರ್

ಕಾರ್ಮಿಕ ಕಾನೂನಿನ ವಿಚಾರಕ್ಕೆ ಅಂತ ನನ್ನ ಹತ್ರ ಬರೋ ಮಾಲೀಕರು ಕೂತ ತಕ್ಷಣ ಕೆಲಸಗಾರನ ಅಗ್ರಿಮೆಂಟ್ ತೋರಿಸಿ ಹೇಳೋ ಮಾತು ಒಂದೇ, "ಅವನೇ ಓದಿ ಸೈನ್ ಮಾಡಿದ್ದಾನಲ್ಲ ಸಾರ್". ಕೇಳಿ ಕೇಳಿ ಸಾಕಾಗಿದೆ.

ಮಾಡಿರಬಹುದು, ಸಂತೋಷವಾಗೇ ಮಾಡಿರಬಹುದು. ಆದ್ರೆ ಕನಿಷ್ಠ ವೇತನ, ಓವರ್‌ಟೈಮ್, ಸಂಬಳದ ರಜೆ, ಇಂಥವನ್ನೆಲ್ಲ ಸೈನ್ ಹಾಕಿ ಬಿಟ್ಟುಕೊಡೋಕೆ ಸಾಮಾನ್ಯವಾಗಿ ಕಾನೂನು ಬಿಡಲ್ಲ, ಯಾಕಂದ್ರೆ ಕೆಲಸ ಬೇಕಾಗಿರೋನು ಯಾವ ಕಾಗದ ಕೊಟ್ರೂ ಸೈನ್ ಹಾಕ್ತಾನೆ ಅನ್ನೋದು ಕಾನೂನು ಮಾಡಿದೋರಿಗೂ ಗೊತ್ತು. ಕಾನೂನಿಗಿಂತ ಜಾಸ್ತಿ ಕೊಡ್ತೀನಿ ಅಂತ ಅಗ್ರಿಮೆಂಟಲ್ಲಿ ಬರೆದ್ರೆ ನಡೆಯುತ್ತೆ, ಕಮ್ಮಿ ಅಂತ ಬರೆದ್ರೆ ಆ ಸಾಲು ಇದ್ದೂ ಇಲ್ಲದ ಹಾಗೆ. ಇನ್ನೊಂದು, ಸೈನ್ ಹಾಕಿದ ದಿನ ಸರಿಯಾಗೇ ಇದ್ದ ಸಾಲು ಕೂಡ ಕಾನೂನು ಬದಲಾದ ದಿನ ಬಿದ್ದುಹೋಗಬಹುದು. ಹೊಸ ಅಗ್ರಿಮೆಂಟ್ ಮಾಡಿಸೋವರೆಗೂ ಹಳೇದೇ ಇರ್ಲಿ ಬಿಡಿ ಅನ್ನೋಕಾಗಲ್ಲ.

ಊಬರ್ ಡ್ರೈವರ್‌ಗಳ ಕೇಸ್ ನೋಡಿ. ಅವರು ಸ್ವತಂತ್ರವಾಗಿ ದುಡಿಯೋರು ಅಂತ ಒಪ್ಪಂದದಲ್ಲಿತ್ತು, ಆದ್ರೂ 2021ರ ಫೆಬ್ರವರಿಯಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್ ಬರೀ ಕಾಗದ ನೋಡ್ಲಿಲ್ಲ, ದರ ಯಾರು ಗೊತ್ತು ಮಾಡ್ತಾರೆ, ಕೆಲಸದ ಮೇಲೆ ಹಿಡಿತ ಯಾರದ್ದು ಅಂತ ನೋಡ್ತು, ಕನಿಷ್ಠ ವೇತನ, ಸಂಬಳದ ರಜೆಗೆ ಇವರೂ ಹಕ್ಕುದಾರರು ಅಂತ ಹೇಳ್ತು.

ಒಬ್ರು ಮಾಲೀಕರು ಬಂದಿದ್ರು, ಒಳ್ಳೇ ಮನುಷ್ಯ. ಕೆಲಸದ ಹುಡುಗನ ಮದುವೆಗೆ ಕೇಳದೇನೇ ಅಡ್ವಾನ್ಸ್ ಕೊಟ್ಟಿದ್ರಂತೆ. ಅಗ್ರಿಮೆಂಟು ಮಾತ್ರ ಸ್ನೇಹಿತರ ಹತ್ರ ಇಸ್ಕೊಂಡಿದ್ದು, ಜೆರಾಕ್ಸ್ ಮೇಲೆ ಜೆರಾಕ್ಸ್ ಆಗಿ ಅಕ್ಷರ ಮಸುಕಾಗಿತ್ತು, ಎಷ್ಟು ಹೊತ್ತು ದುಡಿದ್ರೂ ಓವರ್‌ಟೈಮ್ ಇಲ್ಲ ಅನ್ನೋ ಸಾಲಿನ ಕೆಳಗೆ ಆ ಹುಡುಗನ ಸೈನು ನೀಲಿ ಇಂಕಲ್ಲಿ ಅಚ್ಚುಕಟ್ಟಾಗಿತ್ತು. ಅದರ ಮೇಲೆ ಬೆರಳಿಟ್ಟು ಮೂರು ಸಲ ತೋರಿಸಿದ್ರು. ಮನೆಯವನ ಹಾಗೆ ನೋಡ್ಕೊಂಡೆ, ನನ್ನ ಮೇಲೇ ಕಂಪ್ಲೇಂಟ್ ಕೊಟ್ನಲ್ಲ ಅಂತ ಅವರಿಗೆ ನೋವು. ನನಗೂ ಬೇಜಾರಾಯ್ತು, ಆದ್ರೆ ಅವನು ಕೇಳಿದ್ದು ದುಡಿದ ಗಂಟೆಗಳ ದುಡ್ಡು.

ಇನ್ನು ತಾರೀಖು. ಕಾನೂನು ಪಾಸಾಗೋ ದಿನ ಬೇರೆ, ಜಾರಿಗೆ ಬರೋ ದಿನ ಬೇರೆ. ಭಾರತದ ನಾಲ್ಕು ಕಾರ್ಮಿಕ ಸಂಹಿತೆಗಳು, ಅಂದ್ರೆ ಹಳೇ ಕಾರ್ಮಿಕ ಕಾನೂನುಗಳನ್ನ ಒಟ್ಟು ಸೇರಿಸಿ ಮಾಡಿದ ಹೊಸ ಕಾನೂನುಗಳು, ಸಂಸತ್ತಲ್ಲಿ ಪಾಸಾಗಿದ್ದು 2019 ಮತ್ತು 2020ರಲ್ಲಿ, ಜಾರಿಗೆ ಬಂದಿದ್ದು 2025ರ ನವೆಂಬರ್ 21ಕ್ಕೆ. ಅಷ್ಟು ವರ್ಷ ವಾಟ್ಸಾಪಲ್ಲಿ "ನಾಳೆಯಿಂದ ಜಾರಿ" ಅಂತ ಓಡಾಡಿ ಓಡಾಡಿ, ನಿಜವಾಗಿ ಬಂದಾಗ ಎಷ್ಟೋ ಜನ ನಂಬ್ಲೇ ಇಲ್ಲ. ಗೆಜೆಟ್ ಅಧಿಸೂಚನೆ ನೋಡಿ, ಮೂರು ತಿಂಗಳಿಗೊಂದು ದಿನ ಅಂತ ಇಟ್ಕೊಂಡು ಅಗ್ರಿಮೆಂಟಿನ ಒಂದೊಂದು ಸಾಲನ್ನೂ ಅದರ ಜೊತೆ ತಾಳೆ ಹಾಕಿ. ನಿಮಗೆ ಯಾವ ನಿಯಮ ಅನ್ವಯ ಆಗುತ್ತೆ ಅನ್ನೋದನ್ನ ನಿಮ್ಮ ಕಾಗದಪತ್ರ ನೋಡದೆ ನಾನು ಹೇಳಲ್ಲ.

ಆ ಮಾಲೀಕರ ಹತ್ರ ಹಾಜರಿ ಪುಸ್ತಕ ತರಿಸಿದೆ. ಇಬ್ರೂ ಕೂತು ಒಂದೊಂದೇ ತಿಂಗಳ ಹೆಚ್ಚುವರಿ ಗಂಟೆ ಕೂಡಿಸ್ತಾ ಹೋದ್ವಿ, ಅರ್ಧ ದಾರೀಲಿ ಪೆನ್ನು ಕೆಳಗಿಟ್ಟು, "ಇನ್ನುಳಿದ ಹುಡುಗರದ್ದೂ ಹಿಂಗೇ ಲೆಕ್ಕ ಹಾಕ್ಬೇಕಲ್ವಾ ಸಾರ್" ಅಂದ್ರು.