ಔಡಲ ಎಣ್ಣೆಯಿಂದ ಹಾಸಿಗೆ ಆಗುತ್ತಾ?

ಹೋದ ಏಪ್ರಿಲ್‌ನಲ್ಲಿ ಅವ್ವನಿಗೆ ಹೊಸ ಹಾಸಿಗೆ ತರೋಣ ಅಂತ ದಾವಣಗೆರೆಯ ಪಿ.ಬಿ. ರಸ್ತೆಯ ಒಂದು ಅಂಗಡಿಗೆ ಹೋಗಿದ್ದೆವು. ಹೈಬ್ರಿಡ್ ಹಾಸಿಗೆ. ಕೆಳಗೆ ಸ್ಪ್ರಿಂಗು, ಮೇಲೆ ಮೆಮೊರಿ ಫೋಮು. ಅಂಗಡಿಯವರು ಅದರ ಮೇಲೆ ಕೈ ಸವರುತ್ತಾ, "ಇದು ಪ್ಲಾಂಟ್ ಬೇಸ್ಡ್ ಅಮ್ಮಾ, ಗಿಡದ ಎಣ್ಣೆಯಿಂದ ಮಾಡಿದ್ದು, ಒಂಚೂರೂ ಕೆಮಿಕಲ್ ಇಲ್ಲ" ಅಂದರು. ಅವ್ವ "ಯಾವ ಗಿಡದ್ದಪ್ಪಾ?" ಅಂತ ಕೇಳಿದಳು. ಅವರು ಸುಮ್ಮನಾದರು.

ಕೇಳಬೇಕಾದ ಪ್ರಶ್ನೆಯೇ ಅದು. ಬಹಳ ಸಲ ಆ ಗಿಡ ನಮಗೆ ಚೆನ್ನಾಗಿ ಗೊತ್ತಿರುವ ಔಡಲ, ಅಂದರೆ ಹರಳು. ಕೆಲವರು ಸೋಯಾ ಎಣ್ಣೆ ಬಳಸುತ್ತಾರೆ. ಚಳ್ಳಕೆರೆ ಕಡೆ ಶೇಂಗಾ ಹೊಲದ ಅಂಚಿಗೆ ಸಾಲಾಗಿ ಹಾಕುತ್ತಾರಲ್ಲ, ಅದೇ ಔಡಲ. ಹಾಗಾದರೆ ಅದೇ ಹೊಲದ ನಡುವೆ ಬೆಳೆದ ಶೇಂಗಾದ ಎಣ್ಣೆಯಿಂದ ಫೋಮು ಯಾಕೆ ಮಾಡಲ್ಲ? ಚಳ್ಳಕೆರೆಯಲ್ಲಿ ಎಣ್ಣೆ ಗಿರಣಿಗೇನೂ ಬರ ಇಲ್ಲ.

ಇದಕ್ಕೆ ಉತ್ತರ ಒಂದು ಕೊಕ್ಕೆ. ಎಣ್ಣೆಯ ಒಂದೊಂದು ಅಣುವೂ ಉದ್ದುದ್ದ ಕಾರ್ಬನ್ ಸರಪಳಿಗಳಿಂದ ಆಗಿರುತ್ತದೆ. ಶೇಂಗಾ ಎಣ್ಣೆಯ ಸರಪಳಿ ಹೆಚ್ಚು ಕಡಿಮೆ ನುಣುಪು, ಹಿಡಿಯೋಕೆ ಏನೂ ಸಿಗಲ್ಲ. ಹರಳೆಣ್ಣೆಯ ಸರಪಳಿಯಲ್ಲಿ 18 ಕಾರ್ಬನ್‌ಗಳಿವೆ, ಅದರಲ್ಲಿ 12ನೆಯದರ ಮೇಲೆ ಆಕ್ಸಿಜನ್ ಮತ್ತು ಹೈಡ್ರೋಜನ್ ಸೇರಿದ ಒಂದು ಪುಟ್ಟ ಕೊಕ್ಕೆ ಇರುತ್ತದೆ. ಕೊಕ್ಕೆ ಇರುವ ಈ ಸರಪಳಿಗೆ ರಿಸಿನೋಲಿಕ್ ಆಮ್ಲ ಅಂತಾರೆ. ಹರಳೆಣ್ಣೆಯ ಆಮ್ಲಗಳಲ್ಲಿ ಶೇಕಡ 85ರಿಂದ 90ರಷ್ಟು ಇದೇ. ಹರಳೆಣ್ಣೆ ಅಷ್ಟು ಮಂದ, ಅಷ್ಟು ಜಿಗುಟು ಯಾಕೆ ಅಂದರೆ ಈ ಕೊಕ್ಕೆಗಳು ಒಂದನ್ನೊಂದು ಎಳೆದುಕೊಂಡಿರುತ್ತವೆ. ಚಿಕ್ಕವರಿದ್ದಾಗ ಅವ್ವ ನೆತ್ತಿಗೆ ತಟ್ಟಿದ ಹರಳೆಣ್ಣೆ ಎರಡು ಸಲ ಸೀಗೆಪುಡಿ ಹಾಕಿದರೂ ಹೋಗ್ತಿರಲಿಲ್ಲ ಅಲ್ವಾ, ಅದೇ ಜಿಗುಟು. ಸೋಯಾ ಎಣ್ಣೆಯಲ್ಲಿ ಈ ಕೊಕ್ಕೆ ಹುಟ್ಟಿನಿಂದ ಇಲ್ಲ. ಕಾರ್ಖಾನೆಯಲ್ಲಿ ಕೂರಿಸಬೇಕು.

ಕೊಕ್ಕೆ ಒಂದೇ ಇದ್ದರೆ ಸಾಲದು, ಅದನ್ನು ಹಿಡಿಯುವ ಕೈ ಬೇಕು. ರೈಲಿನ ಎರಡು ಬೋಗಿ ಸೇರಬೇಕಾದರೆ ಎರಡೂ ಕಡೆ ಕೊಂಡಿ ಇರಬೇಕಲ್ಲ, ಹಾಗೆ. ಆ ಇನ್ನೊಂದು ಕೊಂಡಿಯ ಹೆಸರು ಐಸೊಸಯನೇಟ್. ಅದು ಪೆಟ್ರೋಲಿಯಂನಿಂದ ಬರುತ್ತದೆ. ಎರಡೂ ಕೂಡಿದರೆ ಪಾಲಿಯುರೆಥೇನ್, ಫೋಮು ಆಗುವುದು ಇದರಿಂದಲೇ. 1937ರಲ್ಲಿ ಜರ್ಮನಿಯ ಒಟ್ಟೊ ಬಾಯರ್ ಕಂಡುಹಿಡಿದ ವಿದ್ಯೆ ಇದು. ಜೊತೆಗೆ ಚೂರು ನೀರು ಹಾಕಿದರೆ ಐಸೊಸಯನೇಟ್ ನೀರಿನ ಜೊತೆಗೂ ಸೇರಿ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ, ದೋಸೆ ಕಾವಲಿ ಮೇಲೆ ತೂತು ಬೀಳುವ ಹಾಗೆ ಇಡೀ ಮುದ್ದೆ ಗುಳ್ಳೆಗುಳ್ಳೆಯಾಗಿ ಉಬ್ಬುತ್ತದೆ. ಫೋಮು ಅಂದರೆ ಇಷ್ಟೇ.

ಹಾಗಾಗಿ "ಕೆಮಿಕಲ್ ಇಲ್ಲ" ಅನ್ನುವ ಮಾತು ಸುಳ್ಳು. ಐಸೊಸಯನೇಟ್ ಇಲ್ಲದೆ ಈ ಫೋಮು ಆಗುವುದೇ ಇಲ್ಲ. ಪೂರ್ತಿ ಕೂಡಿದ ಮೇಲೆ ಅದು ಕಟ್ಟಿಹಾಕಿದ ಹಾಗೆ, ಮಲಗುವವರಿಗೆ ಅದರಿಂದ ಹೆದರಿಕೆ ಬೇಡ. ಹೊಸ ಹಾಸಿಗೆಯ ವಾಸನೆ ಹೋಗೋಕೆ ಕೆಲವು ದಿನ ಕಿಟಕಿ ತೆಗೆದಿಡಿ, ಸಾಕು. ನನಗೆ ಬೇಸರ ತರಿಸುವುದು ಕೆಮಿಕಲ್ ಅಲ್ಲ, ಗಿಡದ್ದು ಅಂದ ಕೂಡಲೇ ಒಳ್ಳೇದು ಅಂದುಕೊಳ್ಳುವ ಅಭ್ಯಾಸ. ಇದೇ ಔಡಲದ ಬೀಜದಲ್ಲಿ ರಿಸಿನ್ ಇದೆ. ಜಗತ್ತಿನ ಅತಿ ಘೋರ ವಿಷಗಳಲ್ಲಿ ಅದೊಂದು. ಅದು ಪ್ರೋಟೀನ್ ಆದ್ದರಿಂದ ಎಣ್ಣೆಗೆ ಬರದೆ ಹಿಂಡಿಯಲ್ಲೇ ಉಳಿಯುತ್ತದೆ. ಒಂದೇ ಬೀಜ, ಒಂದು ಕಡೆ ವಿಷ, ಇನ್ನೊಂದು ಕಡೆ ಮಗುವಿನ ನೆತ್ತಿಗೆ ಹಚ್ಚುವ ಎಣ್ಣೆ.

ಸರಿ, ಹಾಸಿಗೆಯಲ್ಲಿ ಗಿಡದ ಪಾಲು ಎಷ್ಟು? ಸಾಮಾನ್ಯವಾಗಿ ಪಾಲಿಯಾಲ್ ಅನ್ನುವ ಕೊಕ್ಕೆಯ ಭಾಗದಲ್ಲಿ ಒಂದು ಪಾಲು ಮಾತ್ರ. ಉಳಿದದ್ದು ಪೆಟ್ರೋಲಿಯಂ. ಇದನ್ನು ಅಳೆಯುವ ವಿಧಾನ ಇದೆ, ಅದನ್ನು ಹೇಳದೆ ಮುಂದೆ ಹೋಗೋಕೆ ನನಗೆ ಮನಸ್ಸಿಲ್ಲ. ಬದುಕಿರುವ ಗಿಡ ಗಾಳಿಯಿಂದ ಇಂಗಾಲ ಎಳೆದುಕೊಳ್ಳುವಾಗ ಅದರ ಜೊತೆ ಅತಿ ಸ್ವಲ್ಪ ಕಾರ್ಬನ್-14, ಅಂದರೆ ಕಾಲ ಕಳೆದಂತೆ ತಾನೇ ಕರಗುವ ಒಂದು ಬಗೆಯ ಇಂಗಾಲ, ಅದೂ ಒಳಗೆ ಬರುತ್ತದೆ. ಗಿಡ ಸತ್ತ ಮೇಲೆ ಅದು 5,730 ವರ್ಷಕ್ಕೆ ಅರ್ಧದಷ್ಟಾಗುತ್ತಾ ಕರಗುತ್ತದೆ. ಪೆಟ್ರೋಲಿಯಂ ಕೋಟ್ಯಂತರ ವರ್ಷ ನೆಲದೊಳಗೆ ಇದ್ದದ್ದು. ಅದರಲ್ಲಿ ಕಾರ್ಬನ್-14 ಉಳಿದೇ ಇಲ್ಲ. ಹೋದ ವರ್ಷ ಕೊಯ್ದ ಔಡಲದಲ್ಲಿ ಪೂರ್ತಿ ಇದೆ. ಫೋಮಿನ ಚೂರು ಸುಟ್ಟು ಕಾರ್ಬನ್-14 ಎಣಿಸಿದರೆ ಗಿಡದ ಪಾಲು ಎಷ್ಟು ಅಂತ ಸಿಕ್ಕಿಬೀಳುತ್ತದೆ. ಹಳೆ ವಸ್ತುಗಳ ಕಾಲ ತಿಳಿಯೋಕೆ ವಿಲ್ಲರ್ಡ್ ಲಿಬ್ಬಿ ಅನ್ನುವ ವಿಜ್ಞಾನಿ 1949ರಲ್ಲಿ ಈ ವಿಧಾನವನ್ನು ತೋರಿಸಿಕೊಟ್ಟರು, 1960ರಲ್ಲಿ ನೊಬೆಲ್ ಬಂತು. ಆ ವಿಧಾನ ಬರುವ ಎರಡೇ ವರ್ಷ ಮೊದಲು, 1947ರಲ್ಲಿ, ಪುರಾತತ್ವಜ್ಞ ಮಾರ್ಟಿಮರ್ ವ್ಹೀಲರ್ ನಮ್ಮ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯನ್ನೂ ದುರ್ಗದ ಚಂದ್ರವಳ್ಳಿಯನ್ನೂ ಅಗೆಸಿದ್ದರು. ಅವರ ಕೈಗೆ ಈ ವಿದ್ಯೆ ಸಿಕ್ಕಿರಲಿಲ್ಲ. ಮಡಕೆ ಚೂರು, ರೋಮನ್ ನಾಣ್ಯ ನೋಡಿ ಕಾಲ ಲೆಕ್ಕ ಹಾಕಿದರು. ಇವತ್ತು ಹಳೆ ಒಲೆಯ ಇದ್ದಿಲಿಗೂ ಹಾಸಿಗೆಯ ಫೋಮಿಗೂ ಅದೇ ಪರೀಕ್ಷೆ. ಅಂಗಡಿಯಲ್ಲಿ "ಗಿಡದ ಪಾಲು ಶೇಕಡ ಎಷ್ಟು, ಪರೀಕ್ಷೆ ಆಗಿದೆಯಾ" ಅಂತ ಕೇಳಿ. ಅಷ್ಟು ಕೇಳುವ ಹಕ್ಕು ನಿಮಗಿದೆ.

ಆದರೆ ಆ ಉತ್ತರ ಏನೇ ಬಂದರೂ ನಿದ್ದೆಗೆ ಸಂಬಂಧ ಇಲ್ಲ. ಒಮ್ಮೆ ಕೊಕ್ಕೆ ಸಿಕ್ಕಿಕೊಂಡ ಮೇಲೆ ಆ ಇಂಗಾಲ ಹೊಲದಿಂದ ಬಂತಾ, ಬಾವಿಯಿಂದ ಬಂತಾ ಅಂತ ಫೋಮಿಗೆ ಗೊತ್ತಾಗಲ್ಲ. ನಿದ್ದೆಗೆ ಸಂಬಂಧ ಇರುವುದು ಬೇರೆ, ಅದು ಬಿಸಿ.

ಮೆಮೊರಿ ಫೋಮನ್ನು 1966ರಲ್ಲಿ ನಾಸಾದ ಏಮ್ಸ್ ಸಂಶೋಧನಾ ಕೇಂದ್ರಕ್ಕಾಗಿ ಚಾರ್ಲ್ಸ್ ಯೋಸ್ಟ್ ಮಾಡಿದರು, ವಿಮಾನದ ಸೀಟಿಗೆ. ಇದರ ಗುಣ ತಿಳಿಯಬೇಕಾದರೆ ನಮ್ಮ ಬೆಣ್ಣೆದೋಸೆ ಹೋಟೆಲಿನ ಬೆಣ್ಣೆ ನೋಡಿ. ಡಿಸೆಂಬರ್ ಬೆಳಗ್ಗೆ ಚಮಚ ಒಳಗಿಳಿಯಲ್ಲ. ಏಪ್ರಿಲ್‌ನಲ್ಲಿ ತಾನೇ ಹರಿಯುತ್ತದೆ. ಬೆಣ್ಣೆ ಅದೇ. ಮೆಮೊರಿ ಫೋಮು ಕೂಡ ತಣ್ಣಗಿದ್ದರೆ ಬಿಗಿ, ಬಿಸಿಯಾದರೆ ಮೆತ್ತಗೆ, ಆದರೆ ಬೆಣ್ಣೆಯ ಹಾಗೆ ಕರಗಲ್ಲ, ಯಾಕೆಂದರೆ ಸರಪಳಿಗಳು ಕೊಕ್ಕೆಯಿಂದ ಬಿಗಿದಿವೆ. ಒಳಗೆ ಏನಾಗುತ್ತದೆ ಅಂದರೆ, ದುಗ್ಗಮ್ಮನ ಜಾತ್ರೆಯ ಜನ ನೆನಪಿಸಿಕೊಳ್ಳಿ. ಎಲ್ಲರೂ ಅಲ್ಲಾಡದೆ ನಿಂತಿದ್ದರೆ ನಡುವೆ ಒಂದು ಹೆಜ್ಜೆ ನುಸುಳೋಕೆ ಆಗಲ್ಲ. ಒಬ್ಬೊಬ್ಬರು ಚೂರು ಆಚೀಚೆ ಸರಿಯುತ್ತಿದ್ದರೆ ನಿಧಾನಕ್ಕೆ ಒಳಗೆ ಹೋಗಬಹುದು. ಓಡೋಕೆ ಆಗಲ್ಲ. ಬಿಸಿ ಅಂದರೆ ಸರಪಳಿಗಳ ಆ ಅಲ್ಲಾಟ. ಮಾಮೂಲಿ ಫೋಮಿನ ಸರಪಳಿಗಳು ನಾವು ಬದುಕುವ ಬಿಸಿಯಲ್ಲಿ ಯಾವಾಗಲೂ ಅಲ್ಲಾಡುತ್ತಲೇ ಇರುತ್ತವೆ. ಮೆಮೊರಿ ಫೋಮಿನವು ನಿಂತುಕೊಳ್ಳುವ ಮತ್ತು ಅಲ್ಲಾಡುವ ಗಡಿ ಮಾತ್ರ ಕೋಣೆಯ ಬಿಸಿಯ ಆಸುಪಾಸಿನಲ್ಲೇ ಬರುವ ಹಾಗೆ ಮಾಡಿರುತ್ತಾರೆ. ಮೈಯ ಬಿಸಿ ತಾಗಿದ ಕಡೆ ಮಾತ್ರ ಮೆತ್ತಗಾಗಿ, ಭುಜ, ಸೊಂಟ ಅಷ್ಟಷ್ಟೇ ಇಳಿಯುತ್ತವೆ. ಅಂಗೈ ಒತ್ತಿ ಐದು ಸೆಕೆಂಡ್ ಹಿಡಿದು ತೆಗೆಯಿರಿ. ಐದು ಬೆರಳಿನ ಗುರುತು ಹಾಗೇ ನಿಂತು, ಅಂಚಿನಿಂದ ಮೆಲ್ಲಗೆ ತುಂಬಿಕೊಳ್ಳುತ್ತದೆ. ಅವ್ವ ಅಂಗಡಿಯಲ್ಲಿ ಇದನ್ನೇ ನಾಲ್ಕು ಸಲ ಮಾಡಿದಳು.

ಈಗ ನಮ್ಮೂರಿನ ಬೇಸಿಗೆಗೆ ಬನ್ನಿ. ಏಪ್ರಿಲ್ ರಾತ್ರಿ ಕೋಣೆಯೇ ಬಿಸಿ ಇರುವಾಗ ದಪ್ಪ ಮೆಮೊರಿ ಫೋಮು ಪೂರ್ತಿ ಮೆತ್ತಗಾಗುತ್ತದೆ, ಮೈ ಹೂತುಕೊಳ್ಳುತ್ತದೆ, ಸುತ್ತ ಗಾಳಿ ಆಡಲ್ಲ, ಬೆವರು. ಹೈಬ್ರಿಡ್‌ನ ಲಾಭ ಇಲ್ಲೇ ಇದೆ. ಮೇಲೆ 2 ಇಂಚು ಫೋಮು ಸಾಕು, ಕೆಳಗೆ ಸ್ಪ್ರಿಂಗುಗಳ ನಡುವೆ ಗಾಳಿ ಓಡಾಡುತ್ತದೆ. ಸ್ಪ್ರಿಂಗಿಗೆ ಬೇಸಿಗೆ ಚಳಿಗಾಲದ ಭೇದ ಇಲ್ಲ. ಒಂದೊಂದು ಸ್ಪ್ರಿಂಗನ್ನೂ ಬೇರೆ ಬೇರೆ ಬಟ್ಟೆ ಚೀಲದಲ್ಲಿ ಹೊಲಿಯುವ ಉಪಾಯ ಜೇಮ್ಸ್ ಮಾರ್ಷಲ್ ಅನ್ನುವ ಎಂಜಿನಿಯರ್‌ದು, 1900ರ ಸುಮಾರಿನದು. ಪಕ್ಕದವರು ಮಗ್ಗಲು ಬದಲಿಸಿದರೆ ನಿಮ್ಮ ಕಡೆ ಅಲುಗಾಡಲ್ಲ.

"ಡೆನ್ಸಿಟಿ ಜಾಸ್ತಿ ಅಂದ್ರೆ ಗಟ್ಟಿ" ಅಂತಲೂ ಅಂಗಡಿಯಲ್ಲಿ ಹೇಳಿದರು. ಅಲ್ಲ. ಡೆನ್ಸಿಟಿ ಅಂದರೆ ಒಂದು ಘನ ಮೀಟರ್ ಫೋಮಿನ ತೂಕ, ಗಟ್ಟಿತನ ಬೇರೆ. ಹಗುರ ಫೋಮು ಗಟ್ಟಿಯಾಗಿರಬಹುದು, ಭಾರದ್ದು ಮೆತ್ತಗಿರಬಹುದು. ಡೆನ್ಸಿಟಿ ಹೇಳುವುದು ಬಾಳಿಕೆಯನ್ನು. ಮೆಮೊರಿ ಫೋಮು ಘನ ಮೀಟರ್‌ಗೆ 50 ಕಿಲೋ ಅಥವಾ ಅದಕ್ಕಿಂತ ಜಾಸ್ತಿ ಇರಲಿ. ಉದ್ದ, ಅಗಲ, ದಪ್ಪ ಮೂರೂ 10 ಸೆಂಟಿಮೀಟರ್ ಇರುವ ತುಂಡು ಸಿಕ್ಕರೆ ತಕ್ಕಡಿಗೆ ಹಾಕಿ, 50 ಗ್ರಾಂ ಬರಬೇಕು. ನಮ್ಮ ಹಿಂದಿನ ಹಾಸಿಗೆಯನ್ನು ನಾವು ತೂಗಿ ನೋಡಿರಲಿಲ್ಲ. ಎರಡೇ ವರ್ಷಕ್ಕೆ ನಡು ಕುಸಿದಿತ್ತು.

ಬೆನ್ನು ನೋವಿಗೆ ಹಲಗೆಯಂಥ ಹಾಸಿಗೆ ಬೇಕು ಅನ್ನುವುದೂ ಹಾಗೆಯೇ. 2003ರಲ್ಲಿ ಸ್ಪೇನಿನಲ್ಲಿ ಬಹುದಿನದ ಸೊಂಟನೋವಿನ 313 ಜನರಿಗೆ ಎರಡು ಥರದ ಹಾಸಿಗೆ ಕೊಟ್ಟು 90 ದಿನ ನೋಡಿದರು. ತೀರ ಗಟ್ಟಿಯದಕ್ಕಿಂತ ಮಧ್ಯಮ ಗಟ್ಟಿಯದರ ಮೇಲೆ ಮಲಗಿದವರಿಗೆ ನೋವು ಹೆಚ್ಚು ಇಳಿಯಿತು. ಸ್ಪ್ರಿಂಗಿನ ಕಬ್ಬಿಣ ಭೂಮಿಯ ಅಯಸ್ಕಾಂತದ ಜೊತೆ ಸೇರಿ ರಕ್ತ ಎಳೆಯುತ್ತದೆ, ಉತ್ತರಕ್ಕೆ ತಲೆ ಹಾಕಬೇಡಿ ಅಂತ ಓಣಿಯಲ್ಲಿ ಹೇಳಿದವರೂ ಇದ್ದಾರೆ. ಎಂಆರ್‌ಐ ಯಂತ್ರದ ಅಯಸ್ಕಾಂತ ಭೂಮಿಯದಕ್ಕಿಂತ 30,000 ಪಟ್ಟು ಬಲಶಾಲಿ. ಅದರೊಳಗೆ ಮಲಗಿ ಎದ್ದು ಬಂದವರ ರಕ್ತ ಎಲ್ಲಿಗೂ ಹೋಗಿಲ್ಲ.

ಒಂದು ಮಾತು ಮಾತ್ರ ಎಲ್ಲರಿಗೂ ಹೇಳಲೇಬೇಕು. ಫೋಮಿನ ಹಾಸಿಗೆಯನ್ನು ಬಿಸಿಲಿಗೆ ಹಾಕಬೇಡಿ. ಹತ್ತಿ ಗಾದಿಗೆ ಬಿಸಿಲು ಒಳ್ಳೆಯದು, ಪಿಂಜಾರರು ಬಿಲ್ಲು ತಂದು ಅಂಗಳದಲ್ಲಿ ಟಂಯ್ ಟಂಯ್ ಅಂತ ಹತ್ತಿ ಹಿಂಜಿದರೆ ಚಪ್ಪಟೆಯಾದ ನಾರಿನ ನಡುವೆ ಮತ್ತೆ ಗಾಳಿ ತುಂಬಿ ಗಾದಿ ಹೊಸದಾಗುತ್ತಿತ್ತು. ಫೋಮಿಗೆ ಆ ಭಾಗ್ಯ ಇಲ್ಲ. ಬಿಸಿಲಿನ ನೇರಳಾತೀತ ಕಿರಣ ಅದರ ಕೊಂಡಿಗಳನ್ನೇ ಮುರಿಯುತ್ತದೆ. ಹಳದಿಯಾಗಿ ಪುಡಿ ಉದುರುತ್ತದೆ. ನೆರಳು, ಗಾಳಿ ಸಾಕು.

ಕೊನೆಗೆ 2 ಇಂಚು ಫೋಮಿನ, ಪಾಕೆಟ್ ಸ್ಪ್ರಿಂಗಿನ ಮಧ್ಯಮ ಗಟ್ಟಿಯ ಹಾಸಿಗೆ ತಂದೆವು. ಬೇಸಿಗೆ ಕಳೆಯಿತು. ಡಿಸೆಂಬರ್‌ನ ಒಂದು ರಾತ್ರಿ ಅವ್ವ ಕರೆದು, "ಹಾಸಿಗಿ ಕೆಟ್ಟೈತೇನೋ, ಹಲಗಿ ಆಗೈತಿ" ಅಂದಳು. "ಹತ್ತು ನಿಮಿಷ ಸುಮ್ನೆ ಮಲಗವ್ವಾ" ಅಂದೆ. ಚಳ್ಳಕೆರೆ ಕಂಬಳಿ ಹೊದ್ದು ಮಲಗಿದಳು. ಸ್ವಲ್ಪ ಹೊತ್ತು ಬಿಟ್ಟು ಕೈ ಒತ್ತಿ ನೋಡಿದೆ. ಅವಳ ಬೆನ್ನಿನ ಪಕ್ಕ ಫೋಮು ಬೆಣ್ಣೆಯಂತಿತ್ತು, ಮಂಚದ ಇನ್ನೊಂದು ತುದಿಯಲ್ಲಿ ಇನ್ನೂ ಬಿಗಿ.