ಊರ ನಡುವೆ ಫ್ಲಾಟ್ ಹಿಡಿಯುವ ಮುಂಚೆ ರಾತ್ರಿ ಒಮ್ಮೆ ಹೋಗಿ ಬನ್ನಿ

ವಿದ್ಯಾರ್ಥಿಗಳಿಗೆ ಬಾಡಿಗೆ ಮನೆ ನೋಡಿಕೊಡೋದು ನನ್ನ ಕೆಲಸ. ಊರ ನಡುವಿನ ಫ್ಲಾಟ್ ಬೇಕು ಅಂತ ಬರುವವರಿಗೆ ನಾನು ಮೊದಲು ಕೇಳುವುದು ಟೈಮ್‌ಟೇಬಲ್. ಎಷ್ಟೋ ಕ್ಯಾಂಪಸ್‌ಗಳು ಊರಾಚೆ ಇರುತ್ತವೆ. ಹಾಗಿದ್ದರೆ ಊರ ನಡುವೆ ಇದ್ದು ಏನು ಉಪಯೋಗ, ಅಲ್ವಾ? ಮೊದಲ ಕ್ಲಾಸಿನ ಹೊತ್ತಿಗೆ ಮನೆ ಬಾಗಿಲಿಂದ ಕ್ಲಾಸಿನ ಬಾಗಿಲಿಗೆ ಎಷ್ಟು ನಿಮಿಷ ಅಂತ ನೋಡಿ. ನಡೆದರೆ ಒಂದು ಕಿಲೋಮೀಟರಿಗೆ ಸುಮಾರು 12 ನಿಮಿಷ. ಲೈಬ್ರರಿ ಮುಚ್ಚಿದ ಮೇಲೆ ವಾಪಸ್ ಬರಲು ಬಸ್ ಇದೆಯಾ ಅನ್ನೋದನ್ನೂ ಕೇಳಿಕೊಳ್ಳಿ.

ಏಜೆಂಟರು ಮನೆ ತೋರಿಸುವುದು ಹಗಲಲ್ಲಿ. ನೀವು ಓದುವುದು, ಮಲಗುವುದು ರಾತ್ರಿ. ಶುಕ್ರವಾರವೋ ಶನಿವಾರವೋ ರಾತ್ರಿ ಹನ್ನೊಂದರ ಮೇಲೆ ಅದೇ ಬೀದಿಗೆ ಒಂದು ಸುತ್ತು ಹೋಗಿ ಬನ್ನಿ. ರಸ್ತೆ ಕಡೆಯ ರೂಮ್ ಬೇಡ, ಹಿಂದಿನದು ಕೊಡಿ ಅಂತ ಎಲ್ಲರೂ ಕೇಳುತ್ತಾರೆ. ಕೆಳಗೆ ಹೋಟೆಲ್ ಇದ್ದರೆ ಹಿಂದಿನ ರೂಮೇ ಜಾಸ್ತಿ ಕಾಟ. ಅಡುಗೆಮನೆಯ ಹೊಗೆ ಎಳೆಯುವ ಫ್ಯಾನು, ಕಸದ ಡಬ್ಬಿಗಳು, ನಸುಕಿನಲ್ಲಿ ಸಾಮಾನು ಇಳಿಸುವ ಲಾರಿ ಎಲ್ಲ ಅಲ್ಲೇ. ನಿದ್ದೆ ಕೆಡದಿರಲು ಮಲಗುವ ಕೋಣೆಯೊಳಗೆ ಸದ್ದು 30 ಡೆಸಿಬೆಲ್ ದಾಟಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲೇ ಹೇಳಿತ್ತು. 10 ಡೆಸಿಬೆಲ್ ಏರಿದರೆ ಕಿವಿಗೆ ಸದ್ದು ಹೆಚ್ಚುಕಡಿಮೆ ಎರಡರಷ್ಟು ಅನಿಸುತ್ತದೆ. "ಕಿಟಕಿಗೆ ಡಬಲ್ ಗ್ಲಾಸ್ (ಎರಡು ಪದರದ ಗಾಜು) ಇದೆ, ಏನೂ ಕೇಳಿಸಲ್ಲ" ಅಂತ ಏಜೆಂಟರು ಅನ್ನುತ್ತಾರೆ. ಕಿಟಕಿ ಮುಚ್ಚಿದಾಗ ತಾನೇ ಅದು? ಸೆಕೆಗಾಲದಲ್ಲಿ ಕಿಟಕಿ ಮುಚ್ಚಿದರೆ ಗಾಳಿ ಎಲ್ಲಿಂದ ಬರುತ್ತದೆ ಅಂತ ಕೇಳಿ.

ಹಾಲ್‌ಗೆ ಅಡ್ಡಗೋಡೆ ಹಾಕಿ ಇನ್ನೊಂದು ಬೆಡ್‌ರೂಮ್ ಅಂತ ಬಾಡಿಗೆಗೆ ಬಿಡುವುದು ಊರ ನಡುವೆ ಮಾಮೂಲು. ಗೋಡೆ ಕುಟ್ಟಿ ನೋಡಿ. ಟೊಳ್ಳು ಸದ್ದು ಬಂದರೆ ಪಕ್ಕದವರ ಫೋನ್ ಮಾತೆಲ್ಲ ನಿಮ್ಮ ಕಿವಿಗೇ. ಆ ರೂಮಿಗೆ ಹೊರಗೆ ತೆರೆಯುವ ಕಿಟಕಿಯೇ ಇಲ್ಲದಿದ್ದರೆ, ಬಾಡಿಗೆ ಎಷ್ಟೇ ಕಡಿಮೆ ಇರಲಿ, ಬೇಡ. ಬೆಂಕಿ ಬಿದ್ದರೆ ಹೊರಬರಲು ಇನ್ನೊಂದು ದಾರಿ ಇರುವುದಿಲ್ಲ. ಹೊಗೆ ಅಲಾರಂ ಇದ್ದರೆ ಅದರ ಬಟನ್ ಒತ್ತಿ ನೋಡಲು ನಾಚಿಕೆ ಪಡಬೇಡಿ.

ಇನ್ನು ಕರಾರು. ಗಲಾಟೆ ಆಗುವುದೆಲ್ಲ ಇಲ್ಲೇ. ನಾಲ್ಕು ಜನ ಸೇರಿ ಒಂದೇ ಪತ್ರಕ್ಕೆ ಸಹಿ ಹಾಕಿದರೆ, ಸಾಮಾನ್ಯವಾಗಿ ಇಡೀ ಬಾಡಿಗೆಗೆ ನಾಲ್ವರೂ ಹೊಣೆ. ಒಬ್ಬ ಓದು ಬಿಟ್ಟು ಊರಿಗೆ ಹೋದ ಅಂದುಕೊಳ್ಳಿ. ಅವನ ಪಾಲನ್ನೂ ಮಾಲೀಕರು ಉಳಿದ ಮೂವರಿಂದಲೇ ಕೇಳಬಹುದು. ಅಪ್ಪ ಅಮ್ಮ ಜಾಮೀನು ಸಹಿ ಹಾಕುವಾಗಲೂ ಅಷ್ಟೇ, ಜಾಮೀನು ನಿಮ್ಮ ಪಾಲಿಗೆ ಮಾತ್ರವೋ ಪೂರ್ತಿ ಬಾಡಿಗೆಗೋ ಅಂತ ಓದಿಸಿ. ರೂಮಿಗೊಂದು ಕರಾರು ಇದ್ದರೆ ಈ ತಲೆನೋವು ಇಲ್ಲ. ಆದರೆ ಖಾಲಿಯಾದ ರೂಮಿಗೆ ಯಾರು ಬರುತ್ತಾರೆ ಅನ್ನೋದು ನಿಮ್ಮ ಕೈಲಿರುವುದಿಲ್ಲ. ಬರೀ ಒಂದು ಸೆಮಿಸ್ಟರ್‌ನಷ್ಟೇ ಪರಿಚಯದ ಗೆಳೆಯರ ಜೊತೆ ಇರುವುದಾದರೆ ನಾನು ರೂಮಿಗೊಂದು ಕರಾರನ್ನೇ ಹೇಳುತ್ತೇನೆ. ಗೆಳೆತನ ಮುರಿದರೂ ಬಾಡಿಗೆ ಲೆಕ್ಕ ಕೆಡುವುದಿಲ್ಲ.

ಅವಧಿಯ ಲೆಕ್ಕವನ್ನು ಬಹಳ ಜನ ಹಾಕುವುದೇ ಇಲ್ಲ. ಕರಾರು 12 ತಿಂಗಳದ್ದು, ನೀವು ಇರುವುದು 10 ತಿಂಗಳು ಅಂತಾದರೆ, ಇದ್ದ ತಿಂಗಳಿಗೆ ಬೀಳುವ ಬಾಡಿಗೆ ಶೇ. 20ರಷ್ಟು ಜಾಸ್ತಿ. ಅದರ ಮೇಲೆ ಮೇಂಟೆನೆನ್ಸ್, ಕರೆಂಟ್, ಇಂಟರ್ನೆಟ್ ಸೇರಿಸಿ. ಕಾಲೇಜಿನ ಹಾಸ್ಟೆಲ್ ದುಬಾರಿ ಅಂತ ಬಂದವರು ಇದನ್ನೆಲ್ಲ ಕೂಡಿಸಿ ನೋಡಿದ ಮೇಲೆ ಹಾಸ್ಟೆಲಿಗೇ ಹೋಗಿದ್ದುಂಟು. ಹಾಗೆ ಹೋದರೆ ನನಗೆ ಕಮಿಷನ್ ಸಿಗಲ್ಲ, ಅದು ಬೇರೆ ಮಾತು.

ದೂರದ ಊರಿಂದ ಮನೆ ನೋಡುವವರು ಬರೀ ಫೋಟೊ ನಂಬಬೇಡಿ. ವಿಡಿಯೋ ಕಾಲ್ ಮಾಡಿಸಿ. ಕಟ್ಟಡದ ಹೊರಬಾಗಿಲಿಂದ ನಡೆದುಕೊಂಡೇ ಒಳಗೆ ಬರಲಿ. ನಲ್ಲಿ ತಿರುಗಿಸಿ, ಬೀರು ಸರಿಸಿ ಹಿಂದಿನ ಗೋಡೆಯಲ್ಲಿ ಬೂಷ್ಟು ಇದೆಯಾ ತೋರಿಸಿ ಅನ್ನಿ. ಕಿಟಕಿ ತೆಗೆಸಿ, ಅರ್ಧ ನಿಮಿಷ ಮಾತಾಡದೆ ಫೋನ್ ಹೊರಗೆ ಹಿಡಿಯಲು ಹೇಳಿ. ಇಷ್ಟಕ್ಕೆ ಒಪ್ಪದವರಿಗೆ ಅಡ್ವಾನ್ಸ್ ಕಳಿಸಬೇಡಿ.