ಹ್ಯಾಂಡ್‌ಪೀಸಿಗೆ ಎಣ್ಣೆ ಬಿಡಬೇಡಿ

ಕೈಯಲ್ಲಿ ಹಿಡಿದು ಕೆತ್ತುವ, ಗಾಳಿಯ ಒತ್ತಡದಿಂದ ಉಳಿಗೆ ಏಟು ಕೊಡುವ ಹ್ಯಾಂಡ್‌ಪೀಸು ಸ್ವಲ್ಪ ಮಂದವಾದರೆ ಸಾಕು, ಹೊಲಿಗೆ ಯಂತ್ರದ ಎಣ್ಣೆ ಎರಡು ಹನಿ ಬಿಡುತ್ತಾರೆ. ಅಕ್ಕಸಾಲಿಗರಿಗೆ ಎಷ್ಟು ಹೇಳಿದರೂ ಈ ಅಭ್ಯಾಸ ಹೋಗುತ್ತಿಲ್ಲ. ಎಣ್ಣೆ ಬಿದ್ದ ಮೇಲೆ ಅರ್ಧ ಗಂಟೆ ಚೆನ್ನಾಗಿ ಓಡಿದರೂ ಓಡೀತು. ನಂಬಿಕೆ ಹುಟ್ಟುವುದೇ ಅಲ್ಲಿ.

ಒಳಗಿರುವುದು ಒಂದು ಪುಟ್ಟ ಪಿಸ್ಟನ್, ಅದನ್ನು ಹಿಂದಕ್ಕೆ ತಳ್ಳುವ ಸ್ಪ್ರಿಂಗ್. ಪಿಸ್ಟನ್ನಿಗೂ ಸಿಲಿಂಡರಿಗೂ ನಡುವಿನ ಸಂದು ಕೂದಲಿಗಿಂತ ಸಪೂರ. ಗಾಳಿಯ ಪದರದ ಮೇಲೆಯೇ ಅದು ಜಾರಬೇಕು. ಎಣ್ಣೆ ಆ ಸಂದಿನಲ್ಲಿ ಕೂತರೆ ಪಿಸ್ಟನ್ ಗೋಡೆಗೆ ಅಂಟುತ್ತದೆ. ಗಾಳಿಯ ತೇವ, ಲೋಹದ ಪುಡಿ ಸೇರಿ ಗೋಂದಾಗುತ್ತದೆ. ಆಗ ಒತ್ತಡ ಹೆಚ್ಚಿಸುತ್ತಾರೆ, ಉಳಿಯ ಮೇಲೆ ಹಿಡಿತ ತಪ್ಪುತ್ತದೆ.

ಗ್ಯಾರೇಜಿನಲ್ಲಿ ನಟ್ಟು ಬಿಚ್ಚುವ, ಗಾಳಿಯಿಂದ ನಡೆಯುವ ಇಂಪ್ಯಾಕ್ಟ್ ಗನ್ನಿಗೆ ಎಣ್ಣೆ ಬೇಕೇ ಬೇಕು, ಗೊಂದಲ ಬಂದದ್ದು ಅಲ್ಲಿಂದ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಎಫ್‌ಆರ್‌ಎಲ್ ಸೆಟ್ಟಿನಲ್ಲಿ ಫಿಲ್ಟರ್, ಒತ್ತಡ ಹೊಂದಿಸುವ ರೆಗ್ಯುಲೇಟರ್ ಜೊತೆ ಗಾಳಿಗೆ ಎಣ್ಣೆ ಬೆರೆಸುವ ಬಟ್ಟಲೂ ಇರುತ್ತದೆ. ಆ ಎಣ್ಣೆ ಬಟ್ಟಲನ್ನು ತೆಗೆದುಹಾಕಿ. ಬದಲಿಗೆ ಗಾಳಿ 5 ಮೈಕ್ರಾನ್ ಫಿಲ್ಟರ್ ದಾಟಿದ ನಂತರ ಹಾಯುವಂತೆ 0.01 ಮೈಕ್ರಾನಿನ ಕೋಅಲೆಸಿಂಗ್ ಫಿಲ್ಟರ್ (ಎಣ್ಣೆಯ ಸೂಕ್ಷ್ಮ ಹನಿಗಳನ್ನು ಕೂಡಿಸಿ ಹಿಡಿಯುವುದು) ಹಾಕಿ. ಎಣ್ಣೆ ತುಂಬಿದ ಕಂಪ್ರೆಸರ್ ಆದರೆ ಇದು ಕಡ್ಡಾಯ.

ಆಯಿಲ್‌ಫ್ರೀ ಕಂಪ್ರೆಸರಿನಲ್ಲೂ ನೀರು ಬರುತ್ತದೆ. ಮಂಗಳೂರಿನ ಮಳೆಗಾಲದಂಥ ಹವೆಯಲ್ಲಿ, 30 ಡಿಗ್ರಿಯಲ್ಲಿ 80 ಶೇಕಡ ತೇವವಿದ್ದರೆ, ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 24 ಗ್ರಾಂ ನೀರಿರುತ್ತದೆ. ಅದನ್ನು 7 ಬಾರ್‌ಗೆ ಒತ್ತಿ ಟ್ಯಾಂಕ್ ತಣಿದರೆ ಸುಮಾರು 20 ಗ್ರಾಂ ನೀರಾಗಿ ತಳಕ್ಕಿಳಿಯುತ್ತದೆ. ದಿನವೂ ಕೆಲಸ ಮುಗಿದ ಮೇಲೆ ತಳದ ವಾಲ್ವ್ ತೆರೆದು ಬಸಿಯಿರಿ.

ಈಗಾಗಲೇ ಎಣ್ಣೆ ಬಿಟ್ಟಿದ್ದರೆ ಗಾಳಿ ನಿಲ್ಲಿಸಿ, ಪೈಪ್ ಬಿಡಿಸಿ, ಬಿಳಿ ಬಟ್ಟೆ ಹಾಸಿದ ತಟ್ಟೆಯ ಮೇಲೆ ಮೂತಿ ಬಿಚ್ಚಿ. ಸ್ಪ್ರಿಂಗ್ ಹಾರಿ ಹೋಗುತ್ತದೆ, ಬೆರಳಿಟ್ಟಿರಿ. ಪಿಸ್ಟನ್, ಸಿಲಿಂಡರ್ ಎರಡನ್ನೂ ನೂಲು ಬಿಡದ ಬಟ್ಟೆಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿ ಒರೆಸಿ. ಪೆಟ್ರೋಲ್, ಥಿನ್ನರ್ ಮುಟ್ಟಬೇಡಿ. ಗಾಳಿ ಸೋರದಂತೆ ತಡೆಯುವ ರಬ್ಬರ್ ಬಳೆ, ಅಂದರೆ ಓ-ರಿಂಗ್, ಉಬ್ಬಬಹುದು, ಪ್ಲಾಸ್ಟಿಕ್ ಫಿಲ್ಟರ್ ಬಟ್ಟಲಿಗೆ ತಾಗಿದರೆ ಅದು ಸೀಳುತ್ತದೆ. ಪೂರ್ತಿ ಆರಿದ ಮೇಲೆ ಪಿಸ್ಟನ್ ಹಾಕಿ ಸಿಲಿಂಡರನ್ನು ಓರೆ ಮಾಡಿ: ತನ್ನ ತೂಕಕ್ಕೇ ಜಾರಬೇಕು. ಜಾರದಿದ್ದರೆ ಇನ್ನೊಮ್ಮೆ ಒರೆಸಿ. ದಯವಿಟ್ಟು ಎಮರಿ ಕಾಗದ ತರಬೇಡಿ. ಒಮ್ಮೆ ಸವೆದ ಸಂದನ್ನು ತುಂಬಲು ಬರುವುದಿಲ್ಲ, ಗಾಳಿ ಪಕ್ಕದಿಂದ ಸೋರಿ ಏಟಿನ ಬಲ ಕಡಿಮೆಯಾಗುತ್ತದೆ.

ಇಷ್ಟಾದರೂ ಕೆತ್ತನೆ ಮಂದವಾಗಿದ್ದರೆ ಮೊದಲು ಉಳಿಯ ಮೊನೆ ನೋಡಿ. ಎಷ್ಟೋ ಸಲ ಬೈಗುಳ ತಿನ್ನುವುದು ಹ್ಯಾಂಡ್‌ಪೀಸು, ಮೊಂಡಾಗಿರುವುದು ಉಳಿ. ಕೆಲವು ಮಾದರಿಗಳ ಕೈಪಿಡಿ ಓ-ರಿಂಗಿಗೆ ಮಾತ್ರ ಎಣ್ಣೆ ಸವರಲು ಹೇಳಬಹುದು. ಅಲ್ಲಿ ಕೈಪಿಡಿಯ ಮಾತೇ ನಡೆಯಲಿ, ಆದರೆ ಗಾಳಿಯ ದಾರಿಗೆ ಹನಿಯೂ ಬೀಳದಿರಲಿ.